ಮೆಲ್ಲಗೆ ಹೇಳಿದ ಪದ

ನನ್ನ ಮಗಳಿಗೆ ಆಟಿಸಂ ಇದೆ ಎಂದು ರಾಯಚೂರಿನ ಮಕ್ಕಳ ವೈದ್ಯೆ ಹೇಳಿದ ದಿನ, ನಾನು ಎದ್ದು ನಿಂತ ಮೇಲೆ ಇನ್ನೊಂದು ಮಾತು ಸೇರಿಸಿದರು.

"ಇದನ್ನ ಆಕಿಗೆ ನೀವೇ ಹೇಳ್ರಿ. ಬ್ಯಾರೆ ಯಾರರ ಹೇಳೂದಕ್ಕಿಂತ ಮುಂಚೆ. ಆಕಿ ಎಲ್ಲಾ ಓದ್ತಾಳ, ಎಲ್ಲಾ ಕೇಳಿಸ್ಕೋತಾಳ. ಭಾಳ ದಿನ ಮುಚ್ಚಿಡಾಕ ಆಗೂದಿಲ್ರಿ."

ಮಗಳು ಹೊರಗೆ ಬೆಂಚಿನ ಮೇಲೆ ತನ್ನ ಅಪ್ಪನ ಪಕ್ಕ ಕೂತು, ಎದುರಿನ ಗೋಡೆಯ ಲಸಿಕೆ ಪಟ್ಟಿಯನ್ನು ಜೋರಾಗಿ ಓದುತ್ತಿದ್ದಳು. ಅವಳಿಗೆ ಆಗ ಏಳು ವರ್ಷ, ಎರಡನೇ ತರಗತಿ. ನಾನು ಮಾನ್ವಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಕಷ್ಟದ ಪದವನ್ನು ಮಕ್ಕಳಿಗೆ ಬಿಡಿಸಿ ಹೇಳುವುದೇ ನನ್ನ ದಿನನಿತ್ಯದ ಕೆಲಸ. ಒಂದು ವಾರದೊಳಗೆ ಹೇಳಿಬಿಡುತ್ತೇನೆ ಎಂದುಕೊಂಡೆ. ಎರಡು ತಿಂಗಳಾದರೂ ಹೇಳಲಿಲ್ಲ. ಹೇಗೆ ಹೇಳಿದರೂ ಅವಳು ಹೆದರಿಬಿಡುತ್ತಾಳೆ ಎಂಬ ಭಯ ನನ್ನನ್ನು ಹಿಡಿದಿತ್ತು.

ಅವಳ ಮಾತಿನ ರೀತಿಯನ್ನು ಮೊದಲೇ ಹೇಳಬೇಕು. ನಮ್ಮ ಮನೆಯಲ್ಲಿ ಎಲ್ಲರೂ ರಾಯಚೂರು ಕಡೆಯ ಮಾತೇ ಆಡುತ್ತೇವೆ. ಅವಳು ಮಾತ್ರ ಪುಸ್ತಕದ ಕನ್ನಡ ಆಡುತ್ತಾಳೆ. ಮಾತು ತಡವಾಗಿ ಬಂತು. ಬಂದಾಗ ಬೋರ್ಡುಗಳಿಂದ, ಪಠ್ಯಪುಸ್ತಕದಿಂದ, ಟಿವಿ ವಾರ್ತೆಯಿಂದ ಬಂತು. "ನನಗೆ ಹಸಿವಾಗಿಲ್ಲ. ಆದ್ದರಿಂದ ಊಟ ಮಾಡುವುದಿಲ್ಲ," ಎನ್ನುತ್ತಾಳೆ. ಪಕ್ಕದ ಮನೆಯವರು "ಬಂದ್ರು ನೋಡ್ರಿ ತಹಶೀಲ್ದಾರ್ ಮೇಡಂನೋರು" ಎಂದರೆ, "ನಾನು ತಹಶೀಲ್ದಾರ್ ಅಲ್ಲ, ವಿದ್ಯಾರ್ಥಿನಿ," ಎಂದು ತಿದ್ದುತ್ತಾಳೆ. ಅವರು ನಗುತ್ತಾರೆ. ಅವಳು ಅವರ ಬಾಯಿಯನ್ನೇ ನೋಡುತ್ತಾ ನಿಲ್ಲುತ್ತಾಳೆ.

ವೈದ್ಯೆಯನ್ನು ಕಂಡು ಮಾನ್ವಿಗೆ ಮರಳುವಾಗ ಬಸ್ಸಿನಲ್ಲಿ ಮನೆಯವರು ಕೇಳಿದರು. "ಆಟಿಸಂ ಅಂದ್ರ ಪೂರಾ ಆರಾಮ ಆಗೂದಿಲ್ಲೇನು?"

ಮುಂದಿನ ಸೀಟಿನ ಹೆಂಗಸು ತಿರುಗಿದಳು. "ಯಾರಿಗ್ರಿ ಆಟಿಸಂ? ನಾ ಮೊಬೈಲ್‌ನ್ಯಾಗ ನೋಡೀನಿ. ಈ ಕೂಸಿಗೇನು? ನೋಡಾಕ ಛಲೋ ಅದಲ್ರಿ!"

ನಾನು ಕಿಟಕಿಯ ಕಡೆ ಮುಖ ಮಾಡಿದೆ. ಮಗಳು ನಿದ್ದೆ ಮಾಡುತ್ತಿದ್ದಳು, ಅದೊಂದೇ ಸಮಾಧಾನ. ಮನೆಗೆ ಬಂದ ಮೇಲೆ ಮನೆಯವರಿಗೆ ಹೇಳಿದೆ, ಇನ್ನು ಮೇಲೆ ಆ ಪದ ಬೇಡ, ಕನ್ನಡದಲ್ಲಿ ಸ್ವಲೀನತೆ ಎಂಬ ಪದವಿದೆ, ಅದನ್ನೇ ಬಳಸೋಣ ಎಂದು.

"ಆ ಪದ ಪುಸ್ತಕದಾಗ ಬಿಟ್ರ ಎಲ್ಲ್ಯರ ಅದನೇನು? ಯಾರಿಗೆ ತಿಳೀತದ?"

"ತಿಳೀಬಾರದು ಅಂತನೇ."

ಅವರು ದೇವದುರ್ಗದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾರೆ, ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುತ್ತಾರೆ. ವಾದ ಮಾಡುವ ಸ್ವಭಾವದವರಲ್ಲ. ಒಪ್ಪಿಕೊಂಡರು. ಅಂದಿನಿಂದ ನಾವು ಫೋನಿನಲ್ಲಿ, ಅಡುಗೆಮನೆಯಲ್ಲಿ, ನೆಂಟರ ನಡುವೆಯೂ ಸ್ವಲೀನತೆ ಎನ್ನುತ್ತಿದ್ದೆವು, ಅದೂ ದನಿ ತಗ್ಗಿಸಿ. ಯಾರೂ ತಿರುಗಿ ನೋಡಲಿಲ್ಲ. ನನ್ನ ಪದವಿ, ನನ್ನ ಓದು ಇಷ್ಟಕ್ಕಾದರೂ ಉಪಯೋಗಕ್ಕೆ ಬಂತು ಎಂದು ಒಳಗೊಳಗೇ ಸಣ್ಣ ಹೆಮ್ಮೆಯೂ ಇತ್ತು. ಗಬ್ಬೂರಿನಲ್ಲಿರುವ ನನ್ನ ಅವ್ವನಿಗೂ ನಾನು ಹೇಳಿರಲಿಲ್ಲ.

ಮಗಳಿಗೆ ಹೇಳಬೇಕಾದದ್ದನ್ನು ಪಾಠ ಯೋಜನೆಯ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯತೊಡಗಿದೆ. ಮೊದಲ ಎರಡು ವಾಕ್ಯ ಸುಲಭವಾಗಿ ಬಂದವು: "ನಿನಗೆ ಸ್ವಲೀನತೆ ಇದೆ. ಹೆದರಬೇಡ." ಮೂರನೆಯ ವಾಕ್ಯ ಬರಲಿಲ್ಲ. ಹೊಡೆದು ಹಾಕಿ ಮತ್ತೆ ಅದೇ ಎರಡು ವಾಕ್ಯ ಬರೆಯುತ್ತಿದ್ದೆ. ಹೀಗೆ ಐದಾರು ಹಾಳೆಗಳಾದವು. ಪುಸ್ತಕ ಮೇಜಿನ ಮೇಲೆಯೇ ಇರುತ್ತಿತ್ತು. ಮಕ್ಕಳ ಉತ್ತರ ಪತ್ರಿಕೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದ ನನಗೆ ಅದನ್ನು ಮುಚ್ಚಿಡಬೇಕೆಂದು ಹೊಳೆಯಲೇ ಇಲ್ಲ.

ಒಂದು ಸಂಜೆ ಅವಳು ಬಂದು ಕೇಳಿದಳು. "ಮಮ್ಮಿ, 'ಸ್ವ' ಎಂದರೇನು?"

ನನಗೆ ಖುಷಿಯಾಯಿತು. ಸ್ವ ಅಂದರೆ ತನ್ನ, ತಾನು ಎಂದೆ. ಸ್ವದೇಶ ಎಂದರೆ ತನ್ನ ದೇಶ, ಸ್ವಗ್ರಾಮ ಎಂದರೆ ತನ್ನ ಊರು ಎಂದು ಉದಾಹರಣೆ ಕೊಟ್ಟೆ.

"ನಮ್ಮ ಸ್ವಗ್ರಾಮ ಯಾವುದು?"

"ಗಬ್ಬೂರು. ಅಜ್ಜಿ ಊರು. ನೀ ಹುಟ್ಟಿದ್ದೂ ಅಲ್ಲೇ."

ಅವಳು ತಲೆಯಾಡಿಸಿ ಹೋದಳು. ಎರಡನೇ ತರಗತಿಗೇ ಪದ ಬಿಡಿಸುವ ಆಸಕ್ತಿ ಬಂದಿದೆ ಎಂದು ಅಂದು ಮನೆಯವರಿಗೆ ಹೇಳಿಕೊಂಡೆ.

ಅದಾದ ಕೆಲವು ದಿನಗಳಿಗೆ ಅವಳು ಬದಲಾದಳು. ಶಾಲೆಗೆ ಹೋಗುವ ದಾರಿಯಲ್ಲಿ ಒಂದು ವೃತ್ತವಿದೆ. ಅಲ್ಲಿಗೆ ಬಂದ ಕೂಡಲೇ ಕಣ್ಣು ಗಟ್ಟಿಯಾಗಿ ಮುಚ್ಚಿ ನನ್ನ ಸೆರಗು ಹಿಡಿದು ದಾಟತೊಡಗಿದಳು. ಬೋರ್ಡು ಓದುವುದನ್ನೇ ನಿಲ್ಲಿಸಿದಳು. ತಟ್ಟೆಯಲ್ಲಿ ಅರ್ಧ ಬಿಡುತ್ತಿದ್ದಳು. ತನ್ನ ಬಣ್ಣದ ಪೆನ್ಸಿಲುಗಳನ್ನು ಕೆಂಪು, ಹಸಿರು, ನೀಲಿ ಎಂದು ಹೆಸರು ಹೇಳಿ ಪಕ್ಕದ ಮನೆಯ ಹುಡುಗಿಗೆ ಕೊಟ್ಟುಬಂದಳು. ಆ ಪೆನ್ಸಿಲುಗಳನ್ನು ಅಲ್ಲಿಯವರೆಗೆ ನಾನೂ ಮುಟ್ಟುವಂತಿರಲಿಲ್ಲ.

ಶಾಲೆಯ ಗುರುತಿನ ಚೀಟಿಗೆ ಫೋಟೋ ಬೇಕಿತ್ತು. ಸ್ಟುಡಿಯೋಗೆ ಕರೆದುಕೊಂಡು ಹೋದೆ. ಫೋಟೋ ತೆಗೆಯುವವನೇ ಫ್ಲೆಕ್ಸ್ ಬ್ಯಾನರುಗಳನ್ನೂ ಮುದ್ರಿಸುತ್ತಾನೆ. ಒಳಗೆ ಒಂದು ದೊಡ್ಡ ಬ್ಯಾನರು ಒಣಗಲು ತೂಗುಬಿಟ್ಟಿತ್ತು. ಯಾರೋ ವಯಸ್ಸಾದವರ ಮುಖ, ಸುತ್ತ ಹೂವಿನ ಹಾರ. ಅವಳು ಅದನ್ನು ನೋಡಿದವಳೇ ಬೆಂಚಿನ ಕೆಳಗೆ ತೂರಿಕೊಂಡಳು.

"ಒಂದ ಸೆಕೆಂಡ್ ಪಾಪು, ಲೈಟ್ ಏನೂ ಮಾಡೂದಿಲ್ಲ," ಎಂದ ಅವನು.

"ಬೇಡ! ಫೋಟೋ ಬೇಡ! ನಾನು ಇನ್ನೂ ಇದ್ದೇನೆ!"

ಅವಳ ಕಿರುಚಾಟ ರಸ್ತೆಗೆ ಕೇಳಿತು. ಅಂಗಡಿಯ ಮುಂದೆ ಇಬ್ಬರು ಮೂವರು ನಿಂತರು. ನನ್ನ ವಿದ್ಯಾರ್ಥಿಯೊಬ್ಬನ ತಾಯಿಯೂ ಅವರಲ್ಲಿದ್ದಳು. ನನಗೆ ಮಗಳಿಗಿಂತ ಆ ಹೆಂಗಸೇ ಹೆಚ್ಚು ಕಾಣಿಸಿದಳು ಎಂಬುದನ್ನು ಇಲ್ಲಿ ಬರೆಯದಿದ್ದರೆ ಸುಳ್ಳಾಗುತ್ತದೆ. ಹೇಗೋ ಎತ್ತಿಕೊಂಡು ಮನೆಗೆ ಬಂದೆ.

ವೈದ್ಯೆಗೆ ತೋರಿಸಲೆಂದು ಒಂದು ಚಿಕ್ಕ ಪುಸ್ತಕ ಇಟ್ಟಿದ್ದೆ. ಅದರಲ್ಲಿ ಬರೆದೆ: ಫ್ಲ್ಯಾಶ್ ಬೆಳಕಿಗೆ ಹೆದರಿಕೆ. ಜನದಟ್ಟಣೆಯ ಜಾಗದಲ್ಲಿ ಕಣ್ಣು ಮುಚ್ಚುವುದು. ಊಟ ಕಡಿಮೆ. ಇಷ್ಟದ ವಸ್ತುಗಳಲ್ಲಿ ಆಸಕ್ತಿ ಹೋಗಿದೆ. ಪ್ರತಿಯೊಂದರ ಮುಂದೆ ದಿನಾಂಕವನ್ನೂ ಹಾಕಿದೆ. ಆಟಿಸಂ ಇರುವ ಮಕ್ಕಳ ಬಗ್ಗೆ ಓದಿದ್ದರಲ್ಲಿ ಇವೆಲ್ಲಕ್ಕೂ ಒಂದೊಂದು ಸಾಲು ಸಿಗುತ್ತಿತ್ತು. "ನಾನು ಇನ್ನೂ ಇದ್ದೇನೆ" ಎಂಬ ಮಾತಿಗೆ ಯಾವ ಸಾಲೂ ಸಿಗಲಿಲ್ಲ. ಅದನ್ನು ಪುಸ್ತಕದಲ್ಲಿ ಬರೆಯಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಗಬ್ಬೂರಿಗೆ ಹೊರಟೆವು, ಅವಳು ಮತ್ತು ನಾನು. ಅಜ್ಜಿ ಮನೆ ಎಂದರೆ ಹಿಂದಿನ ದಿನವೇ ಚಪ್ಪಲಿ ಬಾಗಿಲಲ್ಲಿ ಇಡುತ್ತಿದ್ದವಳು ಈ ಸಲ ಮಂಚದ ಕಾಲು ಹಿಡಿದು ಕೂತಳು.

"ಸ್ವಗ್ರಾಮಕ್ಕೆ ಬರುವುದಿಲ್ಲ."

"ಅಜ್ಜಿ ಕುರಿ ಮರಿ ಹಾಕ್ಯಾವ. ನೋಡಾಕ ಬ್ಯಾಡೇನು?"

ಮರಿಗಳ ಆಸೆಗೆ ಕೊನೆಗೆ ಎದ್ದಳು. ರಾಯಚೂರಿನಲ್ಲಿ ಬಸ್ಸು ಬದಲಿಸಿ ದೇವದುರ್ಗದ ಬಸ್ಸು ಹತ್ತುವವರೆಗೂ ಕಣ್ಣು ಮುಚ್ಚಿಯೇ ಇದ್ದಳು. ಅವಳ ಅಂಗೈ ಬೆವರಿತ್ತು. ದಾರಿಯುದ್ದಕ್ಕೂ ನಾನು ಆ ಎರಡು ವಾಕ್ಯಗಳ ಮುಂದಿನ ಮೂರನೆಯದನ್ನು ಹುಡುಕುತ್ತಿದ್ದೆ.

ಗಬ್ಬೂರಿನ ಮನೆಯ ಅಂಗಳದಲ್ಲಿ ಅವ್ವ ಮರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ನಾನು ಕಟ್ಟೆಯ ಮೇಲೆ ಕೂತು ಪುಂಡಿಪಲ್ಲೆಯ ಎಲೆ ಬಿಡಿಸತೊಡಗಿದೆ. ಮಗಳು ಒಂದು ಕರಿ ಮರಿಯನ್ನು ಎದೆಗವಚಿಕೊಂಡು ನಿಂತಳು. ಎಷ್ಟೋ ದಿನಗಳ ಮೇಲೆ ಅವಳ ಭುಜ ಸಡಿಲವಾಗಿದ್ದನ್ನು ನೋಡಿದೆ. ಅವ್ವ ರವಿಕೆಯೊಳಗಿಂದ ಮೊಬೈಲು ತೆಗೆದಳು.

"ಹಂಗ ನಿಂದ್ರು ಬೇ. ಒಂದು ಫೋಟೋ ಹೊಡೀತೀನಿ. ನಿಮ್ಮ ಮಾವಗ ಕಳಸೂನು."

"ಬೇಡ."

"ಯಾಕ ಬ್ಯಾಡ? ಮರಿ ಛಲೋ ಇಲ್ಲೇನು?"

"ಮರಿ ಚೆನ್ನಾಗಿದೆ. ಫೋಟೋ ತೆಗೆದರೆ ಬ್ಯಾನರ್ ಮಾಡುತ್ತಾರೆ."

ಅವ್ವ ನಕ್ಕುಬಿಟ್ಟಳು. "ಬ್ಯಾನರ್ ಕಟ್ಟಸಾಕ ನೀ ಏನ್ ಎಲೆಕ್ಷನ್‌ಕ ನಿಂತೀಯೇನು? ಹೇಳ್ ಬೇ, ಓಟು ಹಾಕ್ತೀನಿ!"

"ಚುನಾವಣೆಯ ಬ್ಯಾನರ್ ಅಲ್ಲ," ಎಂದಳು ಮಗಳು. "ಲೀನರಾದವರ ಬ್ಯಾನರ್. ನಾನು ಸ್ವಲೀನಳಾಗುತ್ತೇನೆ. ಅಂತ್ಯಕ್ರಿಯೆ ಸ್ವಗ್ರಾಮದಲ್ಲಿ ನಡೆಯುತ್ತದೆ. ಆದ್ದರಿಂದ ಬರುವುದಿಲ್ಲ ಎಂದೆ. ಮಮ್ಮಿ ಕರೆದುಕೊಂಡು ಬಂದಳು."

ಅವ್ವನ ನಗು ನಿಂತಿತು. ನನ್ನ ಕೈಯೂ ನಿಂತಿತು.

ನಮ್ಮ ಊರುಗಳ ವೃತ್ತಗಳಲ್ಲಿ ಯಾರಾದರೂ ತೀರಿಕೊಂಡರೆ ಬ್ಯಾನರು ಕಟ್ಟುತ್ತಾರೆ. ದೊಡ್ಡ ಫೋಟೋ, ಕೆಳಗೆ "ಪಂಚಭೂತಗಳಲ್ಲಿ ಲೀನರಾದರು", ಅದರ ಕೆಳಗೆ "ಅಂತ್ಯಕ್ರಿಯೆ ಸ್ವಗ್ರಾಮದಲ್ಲಿ". ನಾನು ಪ್ರತಿದಿನ ಅವುಗಳ ಕೆಳಗೇ ನಡೆದುಹೋಗುತ್ತೇನೆ. ನಮ್ಮ ಪದದೊಳಗಿನ 'ಲೀನ'ವನ್ನು ಅಲ್ಲಿ ಎಂದೂ ಗಮನಿಸಿರಲಿಲ್ಲ.

"ಯಾರ್ ಹೇಳಿದ್ರು ನಿನಗ?" ಎಂದು ಕೇಳಿದೆ.

"ನಿನ್ನ ಪಾಠದ ಪುಸ್ತಕದಲ್ಲಿದೆ. 'ನಿನಗೆ ಸ್ವಲೀನತೆ ಇದೆ. ಹೆದರಬೇಡ.' ಆರು ಸಲ ಇದೆ. ಸ್ವ ಎಂದರೆ ತಾನು. ನೀನೇ ಹೇಳಿದೆ. ಲೀನ ಎಂದರೆ ಸತ್ತರು. ಬ್ಯಾನರಿನಲ್ಲಿದೆ. ಮಮ್ಮಿ, ಇನ್ನು ಎಷ್ಟು ದಿನ?"

ಅವ್ವ ನನ್ನ ಕಡೆ ತಿರುಗಿದಳು. "ಏನಂತದ ಕೂಸು? ಏನಾಗೇದ ಅದಕ್ಕ? ನನ್ನ ಮುಂದ ಏನ್ ಮುಚ್ಚಿಟ್ಟೀ ನೀ?"

ನಾನು ಚಿಕ್ಕ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಟ್ಟದ್ದೆಲ್ಲ ಒಟ್ಟಿಗೆ ನೆನಪಾಯಿತು. ಕಣ್ಣು ಮುಚ್ಚಿ ವೃತ್ತ ದಾಟಿದ್ದು, ಪೆನ್ಸಿಲು ಕೊಟ್ಟಿದ್ದು, ತಟ್ಟೆಯಲ್ಲಿ ಬಿಟ್ಟಿದ್ದು. ಅದರಲ್ಲಿ ಆಟಿಸಂನದು ಏನೂ ಇರಲಿಲ್ಲ. ಸಾಯುತ್ತೇನೆ ಎಂದು ತಿಳಿದ ಯಾವ ಮಗುವಾದರೂ ಹಾಗೆಯೇ ಮಾಡುತ್ತಿತ್ತು. ಅದೂ ಯಾರಿಗೂ ಹೇಳದೆ, ಒಂದು ತಿಂಗಳು.

"ಇಲ್ಲ," ಎಂದೆ. "ನೀ ಸಾಯೂದಿಲ್ಲ. ಅದು ಆ ಲೀನ ಅಲ್ಲ."

"ಹಾಗಾದರೆ ಯಾವ ಲೀನ?"

ನಾನು ಕನ್ನಡ ಟೀಚರು. ಲೀನ ಅಂದರೆ ಒಂದರಲ್ಲಿ ಇನ್ನೊಂದು ಸೇರಿ ಕರಗುವುದು, ಚಹಾದಲ್ಲಿ ಸಕ್ಕರೆ ಕರಗಿದ ಹಾಗೆ ಎಂದೆ.

ಅವಳು ಯೋಚಿಸಿದಳು. "ಕರಗಿದ ಮೇಲೆ ಸಕ್ಕರೆ ಇರುವುದಿಲ್ಲ."

"ಇರ್ತದ. ಸಿಹಿ ಇರ್ತದಲ್ಲ."

"ಸಿಹಿ ಇರುತ್ತದೆ. ಸಕ್ಕರೆ ಇರುವುದಿಲ್ಲ." ಅವಳ ಕೆಳತುಟಿ ನಡುಗತೊಡಗಿತು.

ಅವ್ವ ಎದ್ದು ಬಂದಳು. "ಏ ಬಿಡ್ ಬೇ ನಿನ್ನ ಸಕ್ರಿ, ನಿನ್ನ ಪದ! ಕೂಸು ನಡುಗಾಕತ್ತದ. ಸೀದಾ ಹೇಳು, ಏನದು?"

ಆಗ ಹೇಳಿದೆ. ಬರೆದಿಟ್ಟ ಯಾವ ಹಾಳೆಯೂ ನೆನಪಿಗೆ ಬರಲಿಲ್ಲ. ಅದಕ್ಕೆ ಎಲ್ಲರೂ ಅನ್ನುವ ಹೆಸರು ಆಟಿಸಂ, ಸ್ವಲೀನತೆ ಎಂಬ ಪದವನ್ನು ಮರೆತುಬಿಡು, ಅದು ಸರಿಯಾದ ಪದವೇ ಅಲ್ಲ ಎಂದೆ.

"ಅದರಲ್ಲಿ ಆಟ ಇದೆಯೇ?"

"ಇಲ್ಲ. ಅದು ಇಂಗ್ಲಿಷ್ ಮಾತು. ಆಟಕ್ಕೂ ಅದಕ್ಕೂ ಸಂಬಂಧ ಇಲ್ಲ. ನೋಡು, ಕುಕ್ಕರ್ ಸೀಟಿ ಹೊಡದ್ರ ನೀ ಕಿವಿ ಮುಚ್ಕೋತಿ, ಹೌದಿಲ್ಲೋ? ನಮಗ ಅಷ್ಟು ಜೋರು ಕೇಳ್ಸೂದಿಲ್ಲ. ನಿನಗ ಕೇಳಸ್ತದ. ಒಮ್ಮೆ ಓದಿದ ಬೋರ್ಡು ನಿನಗ ನೆನಪಿರ್ತದ, ನಮಗ ಇರೂದಿಲ್ಲ. ಯಾರರ ಚ್ಯಾಷ್ಟಿ ಮಾಡಿದ್ರ ನಮಗ ಗಕ್ಕನ ತಿಳೀತದ, ನಿನಗ ತಿಳಿಯೂದಿಲ್ಲ. ನಿನ್ನ ತಲಿ ಹುಟ್ಟಿದಾಗಿಂದನೇ ಹಂಗ ಕೆಲಸ ಮಾಡ್ತದ. ಅದಕ್ಕ ಆಟಿಸಂ ಅಂತಾರ. ಅಷ್ಟ."

"ಅದು ತಪ್ಪೇ?"

"ತಪ್ಪಲ್ಲ. ಕೆಲವೊಂದು ಕಡೆ ನಿನಗ ತ್ರಾಸ ಆಗ್ತದ. ಪ್ರಾರ್ಥನಿ ಮೈಕು, ಆಟದ ಪಿರಿಯಡ್ಡು. ಅದಕ್ಕ ನಾವು ಡಾಕ್ಟರ್ ಹತ್ರ ಹೋಗಿ, ಏನ್ ಮಾಡ್ಬೇಕು ಅಂತ ಕೇಳ್ತೀವಿ."

"ಯಾವಾಗ ಹೋಗುತ್ತದೆ?"

ನಾನು ಅವ್ವನ ಮುಖ ನೋಡಿದೆ. ಬೇಡ, ಹೇಳಬೇಡ ಎಂದು ಅವ್ವ ಕಣ್ಣಲ್ಲೇ ಅಂದಳು.

"ಹೋಗೂದಿಲ್ಲ," ಎಂದೆ. "ನಿನ್ನ ಸಂಗಾಟನೇ ಇರ್ತದ."

ಅವಳು ಅತ್ತೇ ಬಿಡುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಮರಿಯನ್ನು ಕೆಳಗಿಳಿಸಿ, ಅದು ತಾಯಿಯ ಹತ್ತಿರ ಹೋಗುವವರೆಗೂ ನೋಡಿದಳು. ಆಮೇಲೆ ಕೇಳಿದಳು.

"ಸಾಯದಿದ್ದರೆ, ನೀನು ಮತ್ತು ಪಪ್ಪ ಅದನ್ನು ಏಕೆ ಮೆಲ್ಲಗೆ ಹೇಳುತ್ತಿದ್ದಿರಿ?"

ಈ ಪ್ರಶ್ನೆಯನ್ನು ನಾನು ಯಾವ ಹಾಳೆಯಲ್ಲೂ ಊಹಿಸಿರಲಿಲ್ಲ.

"ನನಗ ಹೆದರಿಕಿ ಇತ್ತು."

"ಯಾವುದರ ಹೆದರಿಕೆ?"

"ಮಂದಿ ಏನಂತಾರೋ ಅಂತ."

"ಏನು ಅನ್ನುತ್ತಾರೆ?"

"ಗೊತ್ತಿಲ್ಲ."

"ಗೊತ್ತಿಲ್ಲದಿದ್ದರೆ ಅವರನ್ನು ಕೇಳಬೇಕಿತ್ತು," ಎಂದಳು. ಅವಳು ನನ್ನನ್ನು ಬೈದದ್ದಲ್ಲ. ಶಾಲೆಯಲ್ಲಿ ಅವಳಿಗೆ ಹಾಗೆ ಕಲಿಸಿದ್ದಾರೆ, ಗೊತ್ತಿಲ್ಲದಿದ್ದರೆ ಕೈ ಎತ್ತಿ ಕೇಳಬೇಕು ಎಂದು.

ಅವ್ವ ಸೆರಗಿನಿಂದ ಮೂಗೊರೆಸಿಕೊಂಡಳು. "ನನ್ನ ಮುಂದೂ ಹೇಳಲಿಲ್ಲಲ್ಲ ನೀ. ನಾ ಏನ್ ಮಂದಿನಾ ನಿನಗ?" ಅವ್ವ ಅದನ್ನು ಈಗಲೂ ಆಗಾಗ ಕೇಳುತ್ತಾಳೆ.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮಗಳು ಮಾತ್ರ ನನ್ನ ಚೀಲದಿಂದ ಪೆನ್ನು, ಒಂದು ಹಾಳೆ ತಂದು ನನ್ನ ಮುಂದೆ ಇಟ್ಟಳು.

"ನಾನು ಸಾಯುವುದಿಲ್ಲ ಎಂದು ಬರೆದು ಕೊಡು. ಬಾಯಲ್ಲಿ ಹೇಳಿದರೆ ಸಾಲದು. ಪುಸ್ತಕದಲ್ಲಿ ಬರೆದಿದ್ದೀಯಲ್ಲ."

ಪೆನ್ನು ಹಿಡಿದೆ. "ನೀನು ಸಾ" ಎಂದು ಬರೆದು ನಿಲ್ಲಿಸಿದೆ.

"ಬರಿ ಬೇ," ಎಂದಳು ಅವ್ವ. "ಅದರಾಗೇನದ, ಕೂಸಿನ ಸಮಾಧಾನಕ್ಕ."

ಆದರೆ ಅವಳು ಎಂದೆಂದಿಗೂ ಸಾಯುವುದಿಲ್ಲ ಎಂದು ಬರೆದರೆ ಅದು ಸುಳ್ಳು. ಅವಳು ಅದನ್ನು ಇವತ್ತಲ್ಲದಿದ್ದರೆ ಮುಂದಿನ ವರ್ಷ ಹಿಡಿಯುತ್ತಾಳೆ. ನಾನು ಬರೆದ ಎರಡು ವಾಕ್ಯಗಳು ಅವಳನ್ನು ಒಂದು ತಿಂಗಳು ಕೊಂದಿದ್ದವು. ಮೂರನೆಯದರಲ್ಲಿ ತಪ್ಪು ಇರಕೂಡದು ಎಂದುಕೊಂಡೆ. ಬರೆದದ್ದನ್ನು ಹೊಡೆದು ಹಾಕಿ, ಅದರ ಕೆಳಗೆ ಬರೆದೆ: "ಆಟಿಸಂನಿಂದ ಯಾರೂ ಸಾಯುವುದಿಲ್ಲ."

ಅವಳು ಬೆರಳಿಟ್ಟು ಓದಿದಳು. "ಇದರಲ್ಲಿ ನಾನು ಇಲ್ಲ."

ಅದರ ಮೇಲೆ ಇನ್ನೊಂದು ವಾಕ್ಯ ಸೇರಿಸಿದೆ: "ನನ್ನ ಮಗಳಿಗೆ ಆಟಿಸಂ ಇದೆ." ಕೆಳಗೆ ಸಹಿ ಮಾಡಿದೆ. ಅವಳು ಅಜ್ಜಿಯ ಸಹಿಯನ್ನೂ ಕೇಳಿದಳು. ಅವ್ವ ನಾಲ್ಕು ಅಕ್ಷರಗಳನ್ನು ಉಸಿರು ಹಿಡಿದು ಬರೆದಳು.

"ಮೊಹರು?"

"ಮೊಹರು ಇಲ್ಲೆಲ್ಲಿ ಸಿಗ್ತದ? ಸಾಲಿಯಾಗ ಇರ್ತದ."

"ಸರಿ. ಸೋಮವಾರ ಶಾಲೆಯಲ್ಲಿ ಹಾಕಿಸುತ್ತೇನೆ. ಅಲ್ಲಿಯವರೆಗೆ ಇದು ಪೂರ್ತಿಯಲ್ಲ," ಎಂದು ಮಡಚಿ ಫ್ರಾಕಿನ ಜೇಬಿಗಿಟ್ಟಳು.

ಭಾನುವಾರವಿಡೀ ನನ್ನ ತಲೆಯಲ್ಲಿ ಒಂದೇ ಯೋಚನೆ. ನನ್ನ ಶಾಲೆಯಲ್ಲೂ ಮೊಹರು ಇದೆ, ಸಿಬ್ಬಂದಿ ಕೋಣೆಯ ಕಪಾಟಿನಲ್ಲೇ ಇರುತ್ತದೆ. ನಾನೇ ಹಾಕಿ ತಂದು ಕೊಟ್ಟರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಅವಳು ಮೊಹರಿನ ಸುತ್ತ ಬರೆದ ಶಾಲೆಯ ಹೆಸರನ್ನೂ ಓದುತ್ತಾಳೆ.

ಸೋಮವಾರ ಅವಳ ಜೊತೆ ಅವಳ ಶಾಲೆಯ ಕಚೇರಿಗೆ ಹೋದೆ. ಮುಖ್ಯೋಪಾಧ್ಯಾಯಿನಿ ಹಾಳೆ ಬಿಡಿಸಿ ಓದಿದರು. ಪಕ್ಕದ ಕುರ್ಚಿಯಲ್ಲಿ ಒಂದು ಮಗುವಿನ ತಾಯಿ ಯಾವುದೋ ಅರ್ಜಿ ಹಿಡಿದು ಕೂತಿದ್ದಳು. ಅವರಿಬ್ಬರ ಮುಖವನ್ನೂ ನಾನು ಒಟ್ಟಿಗೆ ನೋಡಲು ಪ್ರಯತ್ನಿಸುತ್ತಿದ್ದೆ.

"ಇದಕ್ಕ ಸೀಲು ಹೆಂಗ ಹಾಕೂದ್ರಿ ಟೀಚರ್? ಇದು ಯಾವ ಫೈಲಿಂದು?"

"ನನ್ನದು," ಎಂದಳು ಮಗಳು. "ನಾನು ಸಾಯುತ್ತೇನೆ ಎಂದು ತಿಳಿದಿದ್ದೆ. ಅದು ತಪ್ಪು. ಸರಿಯಾದದ್ದು ಇದರಲ್ಲಿದೆ."

ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ನನ್ನನ್ನು ನೋಡಿದರು, ಮತ್ತೆ ಹಾಳೆಯನ್ನು ನೋಡಿದರು. ಸ್ಟ್ಯಾಂಪ್ ಪ್ಯಾಡ್ ಹತ್ತಿರ ಎಳೆದುಕೊಂಡು, ನನ್ನ ಸಹಿಯ ಪಕ್ಕ ಗಟ್ಟಿಯಾಗಿ ಒತ್ತಿದರು. ಮಗಳು ಶಾಯಿ ಆರುವವರೆಗೆ ಊದಿ, ಅಕ್ಷರಗಳನ್ನು ಸುತ್ತಲೂ ಓದಿ, "ಧನ್ಯವಾದಗಳು" ಎಂದು ತನ್ನ ತರಗತಿಯ ಕಡೆ ಹೊರಟಳು. ಓಡಲಿಲ್ಲ. ಹೋಗುತ್ತಾ ಗೋಡೆಯ ಮೇಲಿನ ಬೋರ್ಡುಗಳನ್ನು ಒಂದೊಂದಾಗಿ ಜೋರಾಗಿ ಓದುತ್ತಿದ್ದಳು.

ನಾನು ಹೊರಗೆ ಬಂದೆ. ಆ ತಾಯಿಯೂ ಹಿಂದೆಯೇ ಬಂದಳು.

"ಏನ್ರಿ ಟೀಚರ್ ಅದು? ಏನ್ ಬರ್ಸಿದ್ರಿ?"

"ಆಟಿಸಂ ಅಂತ್ರಿ," ಎಂದೆ. "ನನ್ನ ಮಗಳಿಗೆ."

ಒಳಗೆ ಗಂಟೆ ಹೊಡೆಯುತ್ತಿತ್ತು. ಆಕೆ ಕಿವಿಯನ್ನು ಹತ್ತಿರ ತಂದಳು. "ಏನಂದ್ರಿ? ಕೇಳಸ್ಲಿಲ್ಲ."

ಇನ್ನೊಮ್ಮೆ ಹೇಳಬೇಕಾಯಿತು, ಸ್ವಲ್ಪ ಜೋರಾಗಿ.